ಪ್ರಿಫ್ಲೈಟ್ (ಹಾರಾಟಕ್ಕೆ ಮುಂಚಿನ) ತಪಾಸಣೆ: ಪ್ರತಿ ಸಲ 13 ಡ್ರೈನ್ ತೆರೆಯಲೇಬೇಕೆ?

ರೆಕ್ಕೆತುದಿ:
ಒಂದೇ ಎಂಜಿನ್‌ನ ಸಣ್ಣ ವಿಮಾನ ಸೆಸ್ನಾ 172ಎಸ್‌ನಲ್ಲಿ ತರಬೇತಿ ನಡೆಯುತ್ತಿದೆ. ಒಂದೊಂದು ರೆಕ್ಕೆಯಡಿ ಐದು, ಹೊಟ್ಟೆಯಡಿ ಮೂರು, ಒಟ್ಟು 13 ಇಂಧನ ಡ್ರೈನ್‌ಗಳಿವೆ (ನೀರು ಸೇರಿದೆಯೇ ನೋಡಲು ಇಂಧನದ ಮಾದರಿ ತೆಗೆಯುವ ಸಣ್ಣ ಕವಾಟಗಳು). ಒಂದರ ಹಿಂದೊಂದು ಹಾರಾಟ ಇರುವ ದಿನ ಪ್ರತಿ ಸಲವೂ ಎಲ್ಲವನ್ನೂ ತೆರೆಯಬೇಕೆ? ಎರಡನೆಯದು, ಏಲರಾನ್ (ರೆಕ್ಕೆಯ ಹಿಂಚಿನ ಚಲಿಸುವ ಫಲಕ), ಎಲಿವೇಟರ್‌ಗಳನ್ನು (ಬಾಲದ ಚಲಿಸುವ ಫಲಕ) ಹೊರಗೆ ಕೈಯಲ್ಲಿ ಆಡಿಸಿ ನೋಡಿದ ಮೇಲೆ ಒಳಗೆ ಕೂತು ಮತ್ತೆ ನೋಡುವುದೇಕೆ? ಮೂರನೆಯದು, ಚೆಕ್‌ಲಿಸ್ಟ್ ಬಾಯಿಪಾಠವಾದ ಮೇಲೆ ಕಣ್ಣು ಹಾಯುತ್ತದೆ, ಮನಸ್ಸು ನೋಡುವುದಿಲ್ಲ. ಇದಕ್ಕೆ ಏನು ಮಾಡುತ್ತೀರಿ?

ಹ್ಯಾಂಗರ್ ಬಾಗಿಲು:
ಡ್ರೈನ್ ಬಗ್ಗೆ ಕೈಪಿಡಿಯೇ ಸ್ಪಷ್ಟವಾಗಿದೆ: ದಿನದ ಮೊದಲ ಹಾರಾಟಕ್ಕೆ ಮುಂಚೆ, ಮತ್ತು ಪ್ರತಿ ಸಲ ಇಂಧನ ತುಂಬಿಸಿದ ಮೇಲೆ, ಎಲ್ಲ 13 ಡ್ರೈನ್‌ಗಳನ್ನೂ ತೆರೆಯಬೇಕು. ನಡುವೆ ಮಳೆ ಬಿದ್ದಿದ್ದರೆ ಆಗಲೂ ತೆರೆಯಿರಿ. ಹಳೆಯ ಕ್ಯಾಪ್ ಸೀಲ್ ಮೂಲಕ ಇಳಿಯುವ ಮಳೆನೀರು ಟ್ಯಾಂಕ್‌ಗೆ ನೀರು ಸೇರುವ ಮುಖ್ಯ ದಾರಿಗಳಲ್ಲೊಂದು.

ತುಂಬಿಸಿದ ಕೂಡಲೇ ತೆಗೆದ ಮಾದರಿ ನಂಬಬೇಡಿ. ನೀರಿನ ಹನಿಗಳು ತಳಕ್ಕೆ ಇಳಿಯಲು ಕನಿಷ್ಠ 10-15 ನಿಮಿಷ ಬೇಕು. ಆಮೇಲೆ ತೆಗೆದ ಮಾದರಿಯನ್ನು ಬಿಳಿ ಹಿನ್ನೆಲೆಗೆ ಹಿಡಿಯಿರಿ. ಹೊಸಬರು ಇಲ್ಲಿ ಸಿಕ್ಕಿಬೀಳುತ್ತಾರೆ: ಅವರು ಇಂಧನ ಮತ್ತು ನೀರಿನ ನಡುವಿನ ಗೆರೆ ಹುಡುಕುತ್ತಾರೆ. ಕಪ್ ಪೂರ್ತಿ ನೀರೇ ಇದ್ದರೆ ಗೆರೆ ಎಲ್ಲಿಂದ ಬರಬೇಕು? ಅದು ತಿಳಿಯಾಗಿ, ಶುದ್ಧವಾಗಿಯೇ ಕಾಣುತ್ತದೆ. ಹಾಗಾಗಿ ಮೊದಲು ನೋಡಬೇಕಾದ್ದು ಬಣ್ಣ. 100ಎಲ್‌ಎಲ್ (ಈ ವಿಮಾನದ ಪೆಟ್ರೋಲ್, ಅಂದರೆ ಏವಿಗ್ಯಾಸ್) ನೀಲಿ ಇರಬೇಕು. ನೀರು ಕಂಡರೆ ರೆಕ್ಕೆಗಳನ್ನು ಅಲುಗಿಸಿ, ಬಾಲ ತಗ್ಗಿಸಿ, ಮತ್ತೆ ಎಲ್ಲ ಡ್ರೈನ್‌ಗಳಿಂದ ತೆಗೆಯಿರಿ. ಎಷ್ಟು ತೆಗೆದರೂ ಬರುತ್ತಲೇ ಇದ್ದರೆ ಹಾರಬೇಡಿ, ಮೆಕ್ಯಾನಿಕ್ ನೋಡಲಿ.

ತಪ್ಪಾಗಿ ಜೆಟ್ ಇಂಧನ ತುಂಬಿಸಿರುವುದು ಇನ್ನೂ ಅಪಾಯಕಾರಿ. ಪಿಸ್ಟನ್ ಎಂಜಿನ್ ಅದರಲ್ಲೂ ಶುರುವಾಗಬಹುದು, ಏಕೆಂದರೆ ಪೈಪಿನಲ್ಲಿ ಹಳೆಯ ಇಂಧನ ಉಳಿದಿರುತ್ತದೆ. ಪೂರ್ಣ ಶಕ್ತಿ ಕೊಟ್ಟಾಗ ಸಿಲಿಂಡರ್ ಒಳಗೆ ಡಿಟೊನೇಷನ್ (ಇಂಧನ ಸಮನಾಗಿ ಉರಿಯದೆ ಸಿಡಿಯುವುದು) ಆಗಿ ಎಂಜಿನ್ ಹಾಳಾಗುತ್ತದೆ. ಎರಡೂ ಬೆರೆತಾಗ ನೀಲಿ ಸ್ವಲ್ಪ ಮಂಕಾಗುತ್ತದೆ ಅಷ್ಟೆ, ಕಣ್ಣಿಗೆ ಹೊಳೆಯದೇ ಹೋಗಬಹುದು. ಒಂದು ಹನಿಯನ್ನು ಬಿಳಿ ಕಾಗದದ ಮೇಲೆ ಬಿಡಿ: ಏವಿಗ್ಯಾಸ್ ಆರಿಹೋಗುತ್ತದೆ, ಸೀಮೆಎಣ್ಣೆ ಜಾತಿಯ ಜೆಟ್ ಇಂಧನ ಜಿಡ್ಡಿನ ಉಂಗುರ ಉಳಿಸುತ್ತದೆ.

ಪ್ರಮಾಣವನ್ನು ಗೇಜ್ ನೋಡಿ ಒಪ್ಪಬೇಡಿ, ಅಳತೆಕಡ್ಡಿ ಇಳಿಸಿ. ಕ್ಯಾಪ್ ಮುಚ್ಚಿದ ಮೇಲೆ ಕೈಯಿಂದ ತಿರುಗಿಸಿ ಭದ್ರವಾಗಿದೆಯೇ ನೋಡಿ. ಹಾರುವಾಗ ರೆಕ್ಕೆಯ ಮೇಲ್ಭಾಗದಲ್ಲಿ ಒತ್ತಡ ಕಡಿಮೆ ಇರುವುದರಿಂದ ಸಡಿಲ ಕ್ಯಾಪ್ ಮೂಲಕ ಇಂಧನ ಹೊರಗೆ ಎಳೆದುಹೋಗುತ್ತದೆ.

ಸ್ಥಿರಗಾಳಿ:
ಎರಡನೇ ಪ್ರಶ್ನೆಗೆ ಉತ್ತರ: ಅವು ಎರಡು ಬೇರೆ ತಪಾಸಣೆ. ಹೊರಗೆ ನೀವು ನೋಡುವುದು ಹಿಂಜ್, ಪುಶ್‌ರಾಡ್, ನಟ್‌ಗಳು ಸಡಿಲವಾಗದಂತೆ ತಡೆಯುವ ಕಾಟರ್ ಪಿನ್. ಒಳಗೆ ನೋಡುವುದು ವಿಮಾನ ನಿಂತಿರುವಾಗ ಈ ಫಲಕಗಳು ಗಾಳಿಗೆ ಅಲುಗದಂತೆ ಹಾಕುವ ಲಾಕ್ (ಗಸ್ಟ್ ಲಾಕ್) ತೆಗೆದಿದೆಯೇ, ಪೂರ್ತಿ ದೂರ ಚಲಿಸುತ್ತದೆಯೇ, ಸರಿಯಾದ ದಿಕ್ಕಿಗೆ ಚಲಿಸುತ್ತದೆಯೇ. ಯೋಕ್ (ಪೈಲಟ್ ಹಿಡಿಯುವ ಸ್ಟಿಯರಿಂಗ್) ಹಿಡಿದು ಎರಡೂ ಹೆಬ್ಬೆರಳು ಮೇಲೆತ್ತಿ. ಎಡಕ್ಕೆ ತಿರುಗಿಸಿದರೆ ಹೆಬ್ಬೆರಳು ಎಡಕ್ಕೆ ವಾಲುತ್ತದೆ, ಆ ಕಡೆಯ ಏಲರಾನ್ ಮೇಲೇಳಬೇಕು, ಬಲಗಡೆಯದು ಕೆಳಗಿಳಿಯಬೇಕು. "ಆಡುತ್ತಿದೆ" ಎಂದಷ್ಟೇ ನೋಡಿದರೆ ಕೇಬಲ್ ಅದಲುಬದಲಾಗಿರುವುದು ಗೊತ್ತಾಗುವುದಿಲ್ಲ. 2018ರ ನವೆಂಬರ್‌ನಲ್ಲಿ ಪೋರ್ಚುಗಲ್‌ನ ಅಲ್ವೆರ್ಕಾದಲ್ಲಿ ದುರಸ್ತಿ ಮುಗಿಸಿ ಹೊರಟ ಏರ್ ಅಸ್ತಾನಾದ ಎಂಬ್ರೇಯರ್ 190ರಲ್ಲಿ ಏಲರಾನ್ ಕೇಬಲ್‌ಗಳನ್ನು ತಪ್ಪಾಗಿ ಜೋಡಿಸಲಾಗಿತ್ತು. ಹಾರುವ ಮುಂಚಿನ ತಪಾಸಣೆಯಲ್ಲಿ ಅದು ಸಿಗಲಿಲ್ಲ.

ಲಾಕ್ ವಿಷಯಕ್ಕೆ ಬಂದರೆ, 2014ರ ಮೇ 31ರಂದು ಅಮೆರಿಕದ ಬೆಡ್‌ಫರ್ಡ್‌ನಲ್ಲಿ ಗಲ್ಫ್‌ಸ್ಟ್ರೀಮ್ 4 ವಿಮಾನ ಗಸ್ಟ್ ಲಾಕ್ ತೆಗೆಯದೆಯೇ ಟೇಕಾಫ್‌ಗೆ ಓಡಿ ರನ್‌ವೇ ದಾಟಿಹೋಯಿತು, ಏಳು ಮಂದಿ ಸತ್ತರು. ಹಿಂದಿನ 175 ಟೇಕಾಫ್‌ಗಳ ದಾಖಲೆ ತೆಗೆದು ನೋಡಿದಾಗ, ಪೂರ್ಣ ಕಂಟ್ರೋಲ್ ತಪಾಸಣೆ ನಡೆದಿದ್ದು ಎರಡರಲ್ಲಿ ಮಾತ್ರ. ಅನುಭವ ಕಡಿಮೆಯಿದ್ದ ಪೈಲಟ್‌ಗಳಲ್ಲ ಅವರು. ನಿಮ್ಮ ಮೂರನೇ ಪ್ರಶ್ನೆ ಎಷ್ಟು ಗಂಭೀರ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಪಿಟೋ ಟ್ಯೂಬ್ (ವೇಗ ಅಳೆಯಲು ಎದುರುಗಾಳಿ ಹಿಡಿಯುವ ಕೊಳವೆ) ಮತ್ತು ಸ್ಟ್ಯಾಟಿಕ್ ಪೋರ್ಟ್ (ಸುತ್ತಲಿನ ಗಾಳಿಯ ಒತ್ತಡ ಹಿಡಿಯುವ ರಂಧ್ರ) ಎದುರು ನಿಂತು ನಿಧಾನವಾಗಿ ನೋಡಿ. 1996ರಲ್ಲಿ ಎರಡು ಬೋಯಿಂಗ್ 757 ವಿಮಾನಗಳು ಇವು ಮುಚ್ಚಿಹೋಗಿದ್ದ ಕಾರಣಕ್ಕೆ ಬಿದ್ದವು. ಫೆಬ್ರವರಿಯಲ್ಲಿ ಬಿರ್ಗೆನ್‌ಏರ್ 301: ಪಿಟೋ ಕಟ್ಟಿಕೊಂಡಿತ್ತು, ಬಹುಶಃ ಕಣಜದ ಗೂಡಿನಿಂದ. ಅಕ್ಟೋಬರ್‌ನಲ್ಲಿ ಏರೋಪೆರು 603: ತೊಳೆಯುವಾಗ ಸ್ಟ್ಯಾಟಿಕ್ ಪೋರ್ಟ್‌ಗೆ ಅಂಟಿಸಿದ ಟೇಪ್ ಹಾಗೇ ಉಳಿದಿತ್ತು. ಸ್ಟ್ಯಾಟಿಕ್ ಕಟ್ಟಿದರೆ ಎತ್ತರದ ಮುಳ್ಳು ನಿಂತಲ್ಲೇ ನಿಲ್ಲುತ್ತದೆ, ಏರುವಾಗ ವೇಗ ಕಡಿಮೆ ತೋರುತ್ತದೆ, ಇಳಿಯುವಾಗ ಹೆಚ್ಚು. ಪಿಟೋ ಬಾಯಿಯೂ ಅದರ ಡ್ರೈನ್ ರಂಧ್ರವೂ ಕಟ್ಟಿದರೆ ವೇಗದ ಮುಳ್ಳು ಎತ್ತರಕ್ಕೆ ತಕ್ಕಂತೆ ಏರುತ್ತದೆ, ಏರುತ್ತಿರುವ ಪೈಲಟ್‌ಗೆ ಅತಿವೇಗ ಎಂದು ಸುಳ್ಳು ಹೇಳುತ್ತದೆ. ಕಟ್ಟಿದೆ ಅನ್ನಿಸಿದರೆ ಬಾಯಿಂದ ಊದಬೇಡಿ, ಉಪಕರಣದೊಳಗಿನ ತೆಳು ಪೊರೆ (ಡಯಾಫ್ರಾಮ್) ಹಾಳಾಗುತ್ತದೆ.

ನಾಲ್ಕನೇ ಗೇರ್:
ಮೂರನೆಯದಕ್ಕೆ ನನಗೆ ಕೆಲಸಕ್ಕೆ ಬಂದಿರುವ ದಾರಿ ಒಂದೇ: ನೋಡುವ ಮುಂಚೆಯೇ ಸರಿಯಾದ ಉತ್ತರ ಏನು ಅಂತ ಮನಸ್ಸಿನಲ್ಲಿ ಹೇಳಿಕೊಳ್ಳಬೇಕು. "ಆಯಿಲ್ ನೋಡಿದೆ" ಅನ್ನುವುದು ತಪಾಸಣೆಯಲ್ಲ. "ಐದು ಕ್ವಾರ್ಟ್‌ಗಿಂತ ಕಡಿಮೆ ಇರಬಾರದು, ಎಂಟಕ್ಕಿಂತ ಹೆಚ್ಚಿರಬಾರದು, ಈಗ ಏಳಿದೆ" ಅನ್ನುವುದು ತಪಾಸಣೆ. ಬ್ರೇಕ್ ಹತ್ತಿರ ಕೆಂಪು ಹನಿ ಇರಬಾರದು, ಅದು ಹೈಡ್ರಾಲಿಕ್ ದ್ರವ. ಪ್ರೊಪೆಲ್ಲರ್ ಮುಂಚೂಣಿ ಅಂಚಿನಲ್ಲಿ ಉಗುರಿಗೆ ಸಿಗುವ ಕಚ್ಚು ಇರಬಾರದು, ಬಿರುಕು ಅಲ್ಲಿಂದಲೇ ಶುರುವಾಗುತ್ತದೆ.

ಮಧ್ಯೆ ಯಾರಾದರೂ ಮಾತಾಡಿಸಿದರೆ ನಿಲ್ಲಿಸಿದ ಜಾಗದಿಂದಲ್ಲ, ಆ ಭಾಗದ ಮೊದಲಿನಿಂದ ಶುರುಮಾಡಿ. ಕೊನೆಗೆ ಹತ್ತು ಹೆಜ್ಜೆ ದೂರ ಹೋಗಿ ಇಡೀ ವಿಮಾನ ನೋಡಿ: ಟೋ ಬಾರ್ (ವಿಮಾನ ಎಳೆಯುವ ಕಂಬಿ), ಚಾಕ್ (ಚಕ್ರಕ್ಕೆ ಕೊಡುವ ತಡೆ), ಕಟ್ಟಿದ ಹಗ್ಗ, ಪಿಟೋ ಕವರ್, ಲಗೇಜ್ ಬಾಗಿಲು. ಹತ್ತಿರ ನಿಂತಾಗ ತಪ್ಪಿಹೋಗುವವು ಇವೇ.

ರೆಕ್ಕೆತುದಿ:
ತುಂಬಾ ಥ್ಯಾಂಕ್ಸ್. ಇದಕ್ಕೇ ಹೊಂದಿಕೊಂಡ ಇನ್ನೊಂದು: 1800 ಆರ್‌ಪಿಎಂನಲ್ಲಿ ಎಂಜಿನ್‌ಗೆ ಕಿಡಿ ಕೊಡುವ ಎರಡು ಮ್ಯಾಗ್ನೆಟೋಗಳನ್ನು ಒಂದೊಂದಾಗಿ ಆಫ್ ಮಾಡಿ ನೋಡುವಾಗ ಆರ್‌ಪಿಎಂ ಇಳಿಕೆ 150ಕ್ಕಿಂತ ಹೆಚ್ಚಿರಬಾರದು, ಎರಡರ ನಡುವಿನ ವ್ಯತ್ಯಾಸ 50 ದಾಟಬಾರದು. ಒಂದರಲ್ಲಿ ಇಳಿಕೆಯೇ ಇಲ್ಲದಿದ್ದರೆ ಎಂಜಿನ್ ಚೆನ್ನಾಗಿದೆ ಅಂತಲೇ?

ಹ್ಯಾಂಗರ್ ಬಾಗಿಲು:
ಅಲ್ಲ. ಆಫ್ ಆಗಬೇಕಾದ ಮ್ಯಾಗ್ನೆಟೋ ಆಫ್ ಆಗಿಲ್ಲ ಎಂದು ಶಂಕಿಸಿ. ಅದರ ಗ್ರೌಂಡ್ ವೈರ್ ತುಂಡಾಗಿರಬಹುದು. ಹಾಗಿದ್ದರೆ ಕೀ ತೆಗೆದು ಜೇಬಿಗೆ ಹಾಕಿದ ಮೇಲೂ ಆ ಮ್ಯಾಗ್ನೆಟೋ ಕಿಡಿ ಕೊಡುತ್ತದೆ, ಯಾರಾದರೂ ಪ್ರೊಪೆಲ್ಲರ್ ಕೈಯಲ್ಲಿ ತಿರುಗಿಸಿದರೆ ಎಂಜಿನ್ ಹೊತ್ತಿಕೊಳ್ಳಬಹುದು. ಹಾರಾಟ ಬಿಟ್ಟು ಮಿಕ್ಸ್ಚರ್ (ಎಂಜಿನ್‌ಗೆ ಇಂಧನ ಕಡಿಯುವ ಗುಬ್ಬಿ) ಎಳೆದು ಎಂಜಿನ್ ನಿಲ್ಲಿಸಿ, ಪ್ರೊಪೆಲ್ಲರ್ ಹತ್ತಿರ ಯಾರೂ ಹೋಗದಂತೆ ಚೀಟಿ ಅಂಟಿಸಿ, ಲಾಗ್‌ನಲ್ಲಿ ಬರೆದು ಮೆಕ್ಯಾನಿಕ್‌ಗೆ ಒಪ್ಪಿಸಿ.