ಸಹಾಯ ಬೇಕು: ಕ್ರಿಪ್ಟೊ ಡ್ರೈವರ್ ಟೆಸ್ಟ್ ಪಾಸ್, ಡೇಟಾ ಮಾತ್ರ ಕೆಡ್ತಿದೆ

ಎಲ್ರಿಗೂ ನಮಸ್ಕಾರ. ತುಮಕೂರಿನ ವಸಂತನರಸಾಪುರದಲ್ಲಿ ಎಂಬೆಡೆಡ್ ಲಿನಕ್ಸ್ ಕೆಲಸ ನಂದು. ಐ.ಎಂಎಕ್ಸ್6 ಚಿಪ್ ಇರೋ ಬೋರ್ಡಿನ ಕಾಮ್ (CAAM, ಎನ್‌ಕ್ರಿಪ್ಶನ್ ಮಾಡೋಕೇ ಚಿಪ್ ಒಳಗಿರೋ ಹಾರ್ಡ್‌ವೇರ್) ಕ್ರಿಪ್ಟೊ ಡ್ರೈವರ್‌ನಲ್ಲಿ ಡಿಎಂಎ ಮ್ಯಾಪಿಂಗ್ (ಸಿಪಿಯು ನಡುವೆ ಬರದೆ ಹಾರ್ಡ್‌ವೇರೇ ಮೆಮೊರಿ ಓದಿ ಬರೆಯೋಕೆ ಬಫರ್ ಸಿದ್ಧ ಮಾಡೋ) ಭಾಗ ಬದಲಾಯಿಸಿದೀನಿ. ಕರ್ನಲ್‌ನ ಆಲ್ಗರಿದಮ್ ಪಟ್ಟಿ ಇರೋ /proc/crypto ಫೈಲ್ ನೋಡಿದ್ರೆ, ನಾನು ಬಳಸೋ ಎನ್‌ಕ್ರಿಪ್ಶನ್ ವಿಧಾನ ಸಿಬಿಸಿ-ಎಇಎಸ್‌ಗೆ ಸೆಲ್ಫ್‌ಟೆಸ್ಟ್ ಪಾಸ್ ಅಂತಾನೇ ಇದೆ. ಕರ್ನಲ್‌ನ ಕ್ರಿಪ್ಟೊ ಟೆಸ್ಟ್ ಮಾಡ್ಯೂಲ್ ಟಿಕ್ರಿಪ್ಟ್ (tcrypt) ಕೂಡ ಓಡಿಸಿದೆ (ಕೊನೇಲಿ ಲೋಡ್ ಆಗದೆ ಎರರ್ ಕೊಡೋದು ಅದರ ಹುಟ್ಟುಗುಣ, ಗೊತ್ತು, ಆ ಉತ್ತರ ಬೇಡ). ಜಾಬ್ ರಿಂಗ್ (ಕಾಮ್‌ಗೆ ಕೆಲಸ ಕೊಡೋ ಸರದಿ) ಇಂಟರಪ್ಟ್ ಎಣಿಕೆ ಏರ್ತಿದೆ, ಅಂದ್ರೆ ಕೆಲಸ ಹಾರ್ಡ್‌ವೇರ್‌ಗೇ ಹೋಗ್ತಿದೆ. ಆದ್ರೆ ಸಿಬಿಸಿ ಮೋಡ್‌ನ ಡಿಎಂ-ಕ್ರಿಪ್ಟ್ (ಲಿನಕ್ಸ್ ಡಿಸ್ಕ್ ಎನ್‌ಕ್ರಿಪ್ಶನ್) ಡಿಸ್ಕಿಗೆ ದೊಡ್ಡ ಫೈಲ್ ಕಾಪಿ ಮಾಡಿದ್ರೆ ಒಂದೊಂದು ಸಲ ಚೆಕ್‌ಸಮ್ ತಾಳೆ ಆಗಲ್ಲ. ಹಳೇ ಡ್ರೈವರ್‌ಗೆ ಈ ಕಾಟ ಇಲ್ಲ. ಡಿಎಂಎ ತಪ್ಪು ಹಿಡಿಯೋ ಕರ್ನಲ್ ಆಯ್ಕೆ ಡಿಎಂಎ ಡೀಬಗ್ ಹಾಕಿದ್ರೂ ಲಾಗ್‌ನಲ್ಲಿ ಒಂದು ಸಾಲೂ ಬರಲ್ಲ.

ಕರ್ನಲ್‌ನ ಎಕ್ಸ್‌ಟ್ರಾ ಟೆಸ್ಟ್ ಆಯ್ಕೆ ಹಾಕಿದ್ರೆ ತುಂಡು ತುಂಡಾದ ಬಫರ್ ಜೊತೆಗೆ, ಒಟ್ಟೊಟ್ಟಿಗೆ ಬರೋ ರಿಕ್ವೆಸ್ಟ್‌ಗಳೂ ಪರೀಕ್ಷೆ ಆಗುತ್ತಾ? ಇಲ್ಲ, ಅದಕ್ಕೆ ಎಎಫ್-ಆಲ್ಗ್ (AF_ALG, ಪ್ರೋಗ್ರಾಂನಿಂದ ಕರ್ನಲ್ ಕ್ರಿಪ್ಟೊ ಬಳಸೋ ದಾರಿ) ಸಾಕೆಟ್ ಬಳಸಿ ನಾನೇ ಬೇರೆ ಟೆಸ್ಟ್ ಬರೀಬೇಕಾ?