ಸಹಾಯ ಬೇಕು: ಕಿನ್ನಾಳ ಗೊಂಬೆಗಳ ಆ್ಯನಿಮೇಷನ್ ಜಾಹೀರಾತು

ಎಲ್ಲರಿಗೂ ನಮಸ್ಕಾರ. ಕೊಪ್ಪಳದಲ್ಲಿ ಕಿನ್ನಾಳದ ಬಣ್ಣದ ಗೊಂಬೆಗಳನ್ನು ಮಾರುವ ಸಣ್ಣ ಅಂಗಡಿ ನನ್ನದು. ವಾಟ್ಸ್‌ಆ್ಯಪ್ ಮತ್ತು ಯೂಟ್ಯೂಬಿನಲ್ಲಿ ಹಾಕಲು 60 ಸೆಕೆಂಡಿನ ಆ್ಯನಿಮೇಷನ್ ಜಾಹೀರಾತೊಂದನ್ನು ಬೆಂಗಳೂರಿನ ಕಲಾವಿದರೊಬ್ಬರಿಂದ, ಒಮ್ಮೆಯೂ ಮುಖಾಮುಖಿ ಭೇಟಿಯಾಗದೆ, ಫೋನು ಮತ್ತು ಇಮೇಲಿನಲ್ಲೇ ಮಾಡಿಸುತ್ತಿದ್ದೇನೆ.

ಆರಂಭದಲ್ಲೇ ಎಡವಿದೆ. ಸ್ಟೋರಿಬೋರ್ಡ್ (ದೃಶ್ಯಗಳ ಕರಡು ಚಿತ್ರಗಳ ಸರಣಿ) ನೋಡಿ ಒಪ್ಪಿಗೆ ಕೊಟ್ಟೆನೇ ಹೊರತು, ಧ್ವನಿಯನ್ನು ಮೊದಲು ರೆಕಾರ್ಡ್ ಮಾಡಿ ಅದರ ಅಳತೆಗೆ ದೃಶ್ಯಗಳನ್ನು ಹೊಂದಿಸಬೇಕೆಂಬುದು ಹೊಳೆಯಲಿಲ್ಲ. ಚಿತ್ರ ಸಿದ್ಧವಾದ ಮೇಲೆ ನಮ್ಮ ಭಾಗದ ಧಾಟಿಯಲ್ಲಿ ಓದಿಸಿದರೆ 78 ಸೆಕೆಂಡು ಹಿಡಿಯಿತು. ಸೆಕೆಂಡಿಗೆ 24 ಫ್ರೇಮಿನಂತೆ (ಫ್ರೇಮ್ ಎಂದರೆ ಒಂದು ಬಿಡಿ ಚಿತ್ರ) ಹೆಚ್ಚುವರಿ 18 ಸೆಕೆಂಡಿಗೆ 432 ಫ್ರೇಮುಗಳಾಗುತ್ತವೆ. ಅದಕ್ಕೆ ಬೇರೆ ಹಣ ಕೇಳುತ್ತಿದ್ದಾರೆ, ಅವರದು ತಪ್ಪೆನ್ನಲಾರೆ. ಆದರೆ ಹುಣಸೆ ಬೀಜದ ಅಂಟು ಬಳಸುವ ಕುಶಲಕರ್ಮಿಯ ಕೈಗೆ ಅಂಗಡಿಯ ಬಿಳಿ ಗೋಂದಿನ ಬಾಟಲಿ ಕೊಟ್ಟು ಚಿತ್ರಿಸಿರುವುದನ್ನು ಕಿನ್ನಾಳದವರು ನೋಡಿದರೆ ನಗುತ್ತಾರೆ. ಕೆಲಸದ ಫೋಟೋಗಳನ್ನು ನಾನೂ ಮೊದಲೇ ಕಳಿಸಿರಲಿಲ್ಲವೆನ್ನಿ.

ಇಂಥ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ: ಮಾತನ್ನೇ ಕತ್ತರಿಸಿ 60 ಸೆಕೆಂಡಿಗೆ ಇಳಿಸುವುದು ಒಳ್ಳೆಯದೋ, ಸಿದ್ಧವಿರುವ ದೃಶ್ಯಗಳನ್ನೇ ಸ್ವಲ್ಪ ಹೊತ್ತು ನಿಲ್ಲಿಸಿ ಎಳೆಯುವುದು ಒಳ್ಳೆಯದೋ? ಎಷ್ಟು ಬಾರಿ ಉಚಿತವಾಗಿ ತಿದ್ದಿಕೊಡಬೇಕು, ಕೊನೆಗೆ ವಿಡಿಯೋದ ಜೊತೆ ಮೂಲ ಫೈಲುಗಳೂ ನಮಗೆ ಸೇರಬೇಕೇ ಎಂಬುದನ್ನು ಒಪ್ಪಂದದಲ್ಲಿ ಹೇಗೆ ಬರೆಯುತ್ತೀರಿ? ಅಲ್ಲದೆ ಕೊಪ್ಪಳ ಅಥವಾ ಹೊಸಪೇಟೆಯಲ್ಲಿ ಫ್ಯಾನಿನ ಸದ್ದಿಲ್ಲದೆ ಧ್ವನಿ ರೆಕಾರ್ಡ್ ಮಾಡಬಹುದಾದ ಜಾಗವಿದ್ದರೆ ಸೂಚಿಸಿ. ನಮ್ಮ ಮನೆಯಲ್ಲಿ ಬಾಗಿಲು ಹಾಕಿದರೂ ಟಂಟಂ ಗಾಡಿಯ ಸದ್ದು ಒಳಗೆ ಬರುತ್ತದೆ.