ಝೆನಾನ್ ಇಂಧನವಾ? ಒಂದು ಪದ ಬೇಕಿತ್ತು

ಗೆಳೆಯರೇ, ನಮಸ್ಕಾರ.

ಹೈಸ್ಕೂಲ್ ಮಕ್ಕಳಿಗಾಗಿ ಉಪಗ್ರಹಗಳ ವಿದ್ಯುತ್ ಎಂಜಿನ್ ಬಗ್ಗೆ ಲೇಖನ ಬರೆಯುತ್ತಿದ್ದೇನೆ. ಒಂದು ಪದದ ಹತ್ತಿರ ಬಂದು ಕೈ ನಿಂತಿದೆ. "ಝೆನಾನ್ ಅನಿಲವೇ ಇದರ ಇಂಧನ" ಅಂತ ಬರೆದೆ, ಆಮೇಲೆ ಹೊಡೆದುಹಾಕಿದೆ. ಇಂಧನ ಅಂದರೆ ಉರಿಯುವಂಥದ್ದು, ನಮ್ಮ ಉರುವಲು, ಅಲ್ವಾ? ಝೆನಾನ್ ಉರಿಯುವುದೇ ಇಲ್ಲ.

ನಮ್ಮದು ಮಲೆನಾಡು. ಅಜ್ಜ ಕೇಪಿನ ಕೋವಿಗೆ ಮೊದಲು ಮದ್ದು ಸುರಿದು, ತೆಂಗಿನ ನಾರು ತುರುಕಿ, ಸರಳಿನಿಂದ ಒತ್ತಿ, ಅದರ ಮೇಲೆ ಚರೆ, ಅಂದರೆ ಸೀಸದ ಸಣ್ಣ ಗುಂಡು, ಹಾಕುತ್ತಿದ್ದರು. ಉರಿಯುವುದು ಮದ್ದು, ಹಾರುವುದು ಚರೆ, ಭುಜಕ್ಕೆ ಬೀಳುವುದು ಒದೆ. ಮೂರಕ್ಕೂ ಬೇರೆ ಬೇರೆ ಮಾತಿದೆ ನೋಡಿ! ಮಾಮೂಲಿ ರಾಕೆಟ್ಟಿನಲ್ಲಿ ಮದ್ದೇ ಉರಿದು ಚರೆಯಾಗಿ ಹಿಂದಕ್ಕೆ ನುಗ್ಗುತ್ತದೆ, ಹಾಗಾಗಿ ಅಲ್ಲಿ ಇಂಧನ ಅಂದರೂ ನಡೆಯುತ್ತದೆ. ವಿದ್ಯುತ್ ಎಂಜಿನ್ನಿನಲ್ಲಿ ಶಕ್ತಿ ಬರುವುದು ಸೌರಫಲಕದಿಂದ. ಝೆನಾನ್ ಬರೀ ಚರೆ. ಅದರ ಪರಮಾಣುವಿನಿಂದ ಎಲೆಕ್ಟ್ರಾನ್ ಕಿತ್ತು, ವಿದ್ಯುತ್ತಿನ ಬಲದಿಂದ ಸೆಕೆಂಡಿಗೆ ಹತ್ತಾರು ಕಿಲೋಮೀಟರ್ ವೇಗದಲ್ಲಿ ಎಸೆಯುತ್ತಾರೆ. ಅಷ್ಟು ಜೋರಾಗಿ ಎಸೆಯುವುದರಿಂದ ಸ್ವಲ್ಪ ಅನಿಲವೇ ವರ್ಷಗಟ್ಟಲೆ ಸಾಕಾಗುತ್ತದೆ. ಒದೆ ಮಾತ್ರ ತೀರಾ ಸಣ್ಣದು, ಅಂಗೈ ಮೇಲೆ ಒಂದೆರಡು ಕಾಗದದ ಹಾಳೆ ಇಟ್ಟಷ್ಟು.

ಹೀಗೆ ಎಸೆಯುವ ಸರಕಿಗೆ ವಿಜ್ಞಾನ ಪುಸ್ತಕಗಳಲ್ಲಿ "ನೋದಕ" ಅಂತಿದೆ. ನೋದಕ ಅಂದರೆ ನೂಕುವಂಥದ್ದು. ಎಂಜಿನ್ನೋ ಅನಿಲವೋ? ಮಕ್ಕಳಿಗೆ ಹೇಗೆ ಗೊತ್ತಾಗಬೇಕು? "ಎಸೆಸರಕು" ಅಂತ ಕಟ್ಟಿ ನೋಡಿದೆ, ಕಿವಿಗೆ ಒಗ್ಗಲಿಲ್ಲ. ನನಗಂತೂ "ಚರೆ ಅನಿಲ" ಇಷ್ಟ. ಆದರೆ ಬಯಲುಸೀಮೆಯ ಮಕ್ಕಳಿಗೆ ಚರೆ ಗೊತ್ತಾ?

ಇನ್ನೊಂದು. ಉಪಗ್ರಹವನ್ನು ಮೇಲಕ್ಕೆ ಒಯ್ಯುವುದಕ್ಕೆ "ಕಕ್ಷೆ ಏರಿಸುವುದು" ಸಲೀಸಾಗಿದೆ. ಭೂಮಿಯಿಂದ ನೋಡಿದರೆ ಒಂದೇ ಜಾಗದಲ್ಲಿ ನಿಂತಂತೆ ಕಾಣುವ 36,000 ಕಿ.ಮೀ. ಎತ್ತರ ಮುಟ್ಟಿದ ಮೇಲೆ ಸೂರ್ಯಚಂದ್ರರು ಅದನ್ನು ಉತ್ತರ ದಕ್ಷಿಣಕ್ಕೆ ಎಳೆಯುತ್ತಲೇ ಇರುತ್ತಾರೆ, ಆಗಾಗ ಸರಿಪಡಿಸದಿದ್ದರೆ ಜಾಗ ಬಿಟ್ಟು ವಾಲಾಡುತ್ತದೆ. ಈ ಕೆಲಸಕ್ಕೆ "ನೆಲೆ ಕಾಯುವುದು" ಅನ್ನಬಹುದಾ? 2017ರ ಮೇನಲ್ಲಿ ಹಾರಿಸಿದ ಜಿಸ್ಯಾಟ್-9ರಲ್ಲಿ ಇಸ್ರೊ ವಿದ್ಯುತ್ ಎಂಜಿನ್ ಇಟ್ಟದ್ದು ಇದಕ್ಕೇ. ಎರಡು ಪದವೂ ಬೇಕೇ ಬೇಕು. ಯಾಕೆಂದರೆ ಯುರೋಪಿನ ಆರ್ಟೆಮಿಸ್ ಉಪಗ್ರಹದ ಕಥೆ ಹೇಳಬೇಕು. 2001ರಲ್ಲಿ ರಾಕೆಟ್ ಕೈಕೊಟ್ಟು ಅದನ್ನು ತೀರಾ ಕೆಳಗೆ ಬಿಟ್ಟಿತು. ಮಾಮೂಲಿ ಎಂಜಿನ್ನಿನಿಂದ 31,000 ಕಿ.ಮೀ. ವರೆಗೆ ಒಯ್ದರು. ಅಲ್ಲಿಂದ ಮುಂದಕ್ಕೆ, ನೆಲೆ ಕಾಯುವುದಕ್ಕೆ ಅಂತ ಇಟ್ಟಿದ್ದ ಪುಟ್ಟ ಝೆನಾನ್ ಎಂಜಿನ್ನುಗಳೇ ದಿನಕ್ಕೆ ಸುಮಾರು 15 ಕಿ.ಮೀ.ಯಂತೆ ಏರಿಸುತ್ತಾ, 2003ರ ಜನವರಿಯಲ್ಲಿ ಜಾಗ ಮುಟ್ಟಿಸಿದವು. ಕಾಯಲು ಬಂದದ್ದು ಏರಿಸಿತು!

ಹಾಸನದ ಇಸ್ರೊ ಮುಖ್ಯ ನಿಯಂತ್ರಣ ಕೇಂದ್ರದಲ್ಲಿ ದಿನವೂ ಇದೇ ಕೆಲಸ ಮಾಡುವವರು ಇಲ್ಲಿ ಯಾರಾದರೂ ಇದ್ದರೆ, ಊಟದ ಹೊತ್ತಿನಲ್ಲಿ ಕನ್ನಡದಲ್ಲಿ ಮಾತಾಡುವಾಗ ಏನಂತೀರಿ, ದಯವಿಟ್ಟು ಬರೆಯಿರಿ.